ನಾಲ್ಕನೇ ಪೋರ್ಟು

ಆಫೀಸಿನಲ್ಲಿ ಅವನಿಗೆ ಹತ್ನಿಮಿಷ ಎಂದು ಹೆಸರು. ಎದುರಿಗೆ ಸಾರ್ ಅನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಹತ್ನಿಮಿಷ. ಇನ್ನು ಹತ್ತು ನಿಮಿಷಕ್ಕೆ ಬಂದೆ ಎಂದು ಹೇಳಿ ಮಧ್ಯಾಹ್ನವೆಲ್ಲ ಕಾಯಿಸುವ ಆಸಾಮಿ ಇರಬೇಕು ಎಂದುಕೊಂಡರೆ ನಿಮ್ಮ ತಪ್ಪಲ್ಲ, ಆದರೆ ಇವನು ಆ ಪೈಕಿಯವನಲ್ಲ. ಅವನ ಕೆಲಸದಲ್ಲೊಂದು ಕಟ್ಟುನಿಟ್ಟಿತ್ತು, ಹೆಸರು ಬಂದದ್ದು ಅದರಿಂದ.

ಕೆಲಸವೆಂದರೆ ರೂಟರುಗಳ ಕೆಲಸ. ಯಾವುದೋ ಶಾಲೆ, ಯಾವುದೋ ಗೋದಾಮು, ಯಾವುದೋ ಕ್ಲಿನಿಕ್ಕು, ಅಲ್ಲೆಲ್ಲ ಗೋಡೆಗೆ ಅಂಟಿಕೊಂಡು ಮಿಣಮಿಣ ಅನ್ನುವ ಡಬ್ಬಿಗಳಿರುತ್ತವಲ್ಲ, ಅವುಗಳ ಒಳಗಿನ ಸೆಟ್ಟಿಂಗನ್ನು ಇವನು ಇಲ್ಲಿ ತನ್ನ ಕುರ್ಚಿಯಲ್ಲಿ ಕೂತು ಬದಲಾಯಿಸುತ್ತಿದ್ದ. ಇಂಟರ್‌ನೆಟ್ಟಿನ ದಾರಿಯಲ್ಲಿ ಡಬ್ಬಿಯೊಳಕ್ಕೆ ಹೋಗುವುದು, ಒಳಗೆ ಎರಡು ಸಾಲು ಬರೆಯುವುದು, ಅದೇ ದಾರಿಯಲ್ಲಿ ವಾಪಸ್ಸು ಬರುವುದು. ಕೇಳುವುದಕ್ಕೇನೋ ಸುಲಭ. ಆದರೆ ಬರೆಯಬೇಕಾದ ಆ ಎರಡು ಸಾಲು ಎಷ್ಟೋ ಸಲ ಒಳಗೆ ಬಂದ ದಾರಿಗೇ ಸಂಬಂಧಪಟ್ಟಿರುತ್ತವೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ದಾರಿ ಕಡಿದುಹೋಯಿತು, ಇನ್ನು ನೀವು ಹೊರಗೆ. ಈ ಕಸುಬಿನವರು ಅದಕ್ಕೆ ‘ಬಾಗಿಲು ಹಾಕಿಕೊಂಡ’ ಅನ್ನುತ್ತಾರೆ. ಹಾಗೆ ಬಾಗಿಲು ಹಾಕಿಕೊಂಡವನು ಬಸ್ಸು ಹತ್ತಿ ಅಲ್ಲಿಯ ತನಕ ಹೋಗಿ, ಡಬ್ಬಿಗೆ ವೈರು ಚುಚ್ಚಿ, ತನ್ನ ತಪ್ಪನ್ನು ತಾನೇ ಅಳಿಸಿ ಬರಬೇಕು. ಜೊತೆಯವರ ನಗೆ ಬೇರೆ.

ಇಪ್ಪತ್ತೆರಡು ವರ್ಷದಲ್ಲಿ ಹತ್ನಿಮಿಷ ಒಂದು ಸಲವೂ ಬಾಗಿಲು ಹಾಕಿಕೊಂಡವನಲ್ಲ. ಏನನ್ನು ಮುಟ್ಟುವ ಮೊದಲೂ ಅವನು ಈಗಿರುವ ಸೆಟ್ಟಿಂಗಿನ ಒಂದು ಪ್ರತಿ ತೆಗೆದು ಡಬ್ಬಿಯ ಮೂಲೆಯಲ್ಲೇ ಇಡುತ್ತಿದ್ದ. ಆಮೇಲೆ, ಹತ್ತು ನಿಮಿಷದೊಳಗೆ ನಾನು ಬಂದು ಬೇಡ ಅನ್ನದಿದ್ದರೆ ಆ ಹಳೇ ಪ್ರತಿಯನ್ನು ಹಾಕಿಕೊಂಡು ಮತ್ತೆ ಏಳು ಎಂದು ಡಬ್ಬಿಗೆ ಹೇಳಿಡುತ್ತಿದ್ದ. ಇವೆರಡೂ ಆದಮೇಲೆಯೇ ಬದಲಾವಣೆ. ತಪ್ಪಾದರೆ ಕೂತಲ್ಲೇ ಕಾಯುವುದು, ಡಬ್ಬಿ ತಾನಾಗಿ ಮೊದಲಿನಂತಾಗುತ್ತದೆ. ಸರಿಯಾದರೆ ‘ಬೇಡ’ ಎಂದು ಬರೆದು ಗಡಿಯಾರ ನಿಲ್ಲಿಸುವುದು. ಒಂದು ಹೆಸರು ತಿದ್ದುವುದಕ್ಕೂ ಇಷ್ಟೆಲ್ಲ ಮಾಡುತ್ತಾನೆ ಎಂದು ಜೊತೆಯವರು ಮೂಗು ಮುರಿಯುತ್ತಿದ್ದರು. ಮುರಿಯಲಿ, ಬಸ್ಸು ಹತ್ತುತ್ತಿದ್ದವರೂ ಅವರೇ ತಾನೆ.

ಅವತ್ತು ಕೆಲಸ ಬಂದದ್ದು ಅಕ್ಕನಿದ್ದ ಆರೈಕೆ ಮನೆಯಿಂದ.

ಅಕ್ಕ ಅವನಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ಆರು. ಅಂದಿನಿಂದ ಉಣಿಸಿ, ಉಡಿಸಿ, ಗದರಿಸಿ ಸಾಕಿದವಳು ಅವಳೇ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವುದರಿಂದ ಶುರುಮಾಡಿ ಕತ್ತರಿ ಹಿಡಿಯುವ ತನಕ ಬಂದಳು. ಎಷ್ಟೇ ಕೆಲಸವಿರಲಿ, ನಾಲ್ಕು ಗಂಟೆಗೆ ಮಿಷನ್ನು ನಿಲ್ಲಿಸಿ ಶಾಲೆಯ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಅವಳೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಇಬ್ಬರಿಗೂ ಒಂದು ಮನೆ, ಎರಡು ತಟ್ಟೆ, ಒಂದೇ ಜಗಳ, ದೀಪ ಆರಿಸುವುದು ಯಾರು ಎಂದು. ಹಾಗೆ ನಡೆದುಕೊಂಡು ಹೋಗುತ್ತಿತ್ತು. ಮೂರು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ವಾರದ ದಿನಗಳು, ಆಮೇಲೆ ಉರಿಯುತ್ತಿದ್ದ ಒಲೆ. ಒಲೆ ಮೂರನೇ ಸಲ ಹಾಗೇ ಉಳಿದಾಗ ಅಕ್ಕಪಕ್ಕದವರು ಸುಮ್ಮನಿರಲಿಲ್ಲ. ಅವನಿಗೂ ಸಾಕುಸಾಕಾಗಿತ್ತು, ನಿಜ ಹೇಳಬೇಕಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ಆರೈಕೆ ಮನೆಗೆ ಸೇರಿಸಿದ.

ಮೊದಮೊದಲು ಭಾನುವಾರ ಹೋಗಿ ಬರುತ್ತಿದ್ದ. ಅವನು ಹೊರಟು ನಿಂತರೆ ಅವಳೂ ಚೀಲ ಹಿಡಿದು ಹೊರಡುವಳು. ಬಿಟ್ಟು ಬಂದರೆ ಎರಡು ದಿನ ಅಳುವಳು, ಅನ್ನ ಮುಟ್ಟಳು. ಕೊನೆಗೆ ಡಾಕ್ಟರೇ ಹೇಳಿದರು, ಬರುವುದು ಬೇಡ, ದಿನಾ ಒಂದೇ ಹೊತ್ತಿಗೆ ವಿಡಿಯೋದಲ್ಲಿ ಮುಖ ತೋರಿಸಿ ಸಾಕು ಎಂದು. ಅವನು ನಾಲ್ಕು ಗಂಟೆ ಎಂದ. ಆಫೀಸಿನ ಕಿಟಕಿಯ ಹಸಿರು ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಆ ಪರದೆ, ಆ ಮುಖ, ಆ ಹೊತ್ತು, ಮೂರೂ ಕೂಡಿದರೆ ಅಕ್ಕನಿಗೆ ಅವನು ತಮ್ಮ. ನಡುವೆ ಅವನಿಗೆ ಜ್ವರ ಬಂದು ಎರಡು ದಿನ ತಪ್ಪಿತ್ತು. ಮೂರನೆಯ ದಿನ ಪರದೆಯ ಮುಂದೆ ಕೂತರೆ, ಯಾರೋ ಗೊತ್ತಾಗಲಿಲ್ಲವಲ್ಲ ಎಂದಳು ಅಕ್ಕ. ಅವನನ್ನು ಮತ್ತೆ ಗುರುತು ಹಿಡಿಯುವುದಕ್ಕೆ ಐದು ದಿನ ಬೇಕಾಯಿತು. ಇನ್ನೊಂದು ಸಲ ತಪ್ಪಿದರೆ ಐದು ದಿನವೋ ಐವತ್ತು ದಿನವೋ ಹೇಳಲಾಗುವುದಿಲ್ಲ, ವಾಪಸ್ಸು ಬರದೆಯೂ ಇರಬಹುದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಆದ್ದರಿಂದ ದಿನಾ ನಾಲ್ಕು ಗಂಟೆ. ಅಕ್ಕನದು ಮೂರೇ ಪ್ರಶ್ನೆ. ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡಿದೀಯಾ, ಯಾವಾಗ ಬರ್ತೀಯ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಬರುವುದು. ಹತ್ತು ಸಲ, ಹನ್ನೆರಡು ಸಲ, ಹದಿನೇಳು ಸಲ. ನೀವಾದರೆ ಎಷ್ಟು ದಿನ ತಾಳುತ್ತಿದ್ದಿರಿ? ಅವನು ಹದಿನಾಲ್ಕು ತಿಂಗಳು ತಾಳಿದ್ದ. ಹಿಂದಿನ ದಿನ ಮಾತ್ರ ಒಂಬತ್ತು ನಿಮಿಷಕ್ಕೇ ಜೀವ ಸೋತು, ನೆಟ್‌ವರ್ಕ್ ಸರಿಯಿಲ್ಲ ಕಣಕ್ಕ, ಕಟ್ಟಾಗ್ತಿದೆ ಎಂದು ಸುಳ್ಳು ಹೇಳಿ ತಾನೇ ಕತ್ತರಿಸಿಬಿಟ್ಟ. ನೆಟ್‌ವರ್ಕು ಅಂದರೆ ಯಾರು, ಅವನಿಗೆ ಸ್ವಲ್ಪ ಸುಮ್ಮನಿರಲು ಹೇಳು ಅನ್ನುತ್ತಿದ್ದಳು ಅಕ್ಕ, ಫೋನಿನ ಪರದೆ ಕಪ್ಪಾಗುವ ಮುಂಚೆ. ರಾತ್ರಿಯೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲ.

ಆರೈಕೆ ಮನೆಯ ರೂಟರನ್ನು ಹಾಕಿಕೊಟ್ಟವನೂ ಅವನೇ. ಈಗ ಅಲ್ಲಿಯ ಮ್ಯಾನೇಜರು ಒಂದು ಬದಲಾವಣೆ ಕೇಳಿದ್ದರು. ನೋಡಲು ಬರುವವರ ಫೋನುಗಳು, ನರ್ಸಮ್ಮಂದಿರು ಔಷಧಿ ಬರೆದಿಡುವ ಕಂಪ್ಯೂಟರು, ಅಜ್ಜ ಅಜ್ಜಿಯರ ಟ್ಯಾಬು, ಎಲ್ಲ ಒಂದರಲ್ಲೇ ಇದ್ದವು. ಡಬ್ಬಿಯೊಳಗೆ ಬ್ರಿಡ್ಜ್ ಎಂದು ಒಂದಿರುತ್ತದೆ. ಅದಕ್ಕೆ ಕಟ್ಟಿದ ಪೋರ್ಟುಗಳೆಲ್ಲ, ಅಂದರೆ ವೈರು ಚುಚ್ಚುವ ತೂತುಗಳೆಲ್ಲ, ಒಂದೇ ಕೋಣೆಯಲ್ಲಿ ಕೂತ ಹಾಗೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ. ಅಂಥ ಎರಡನೆಯ ಬ್ರಿಡ್ಜ್ ಒಂದನ್ನು ಮಾಡಿ, ಬಂದವರು ಕೂರುವ ಕೋಣೆಯ ವೈರನ್ನೂ ವೈಫೈಯನ್ನೂ ಅದಕ್ಕೆ ಕಟ್ಟಿ, ಉಳಿದದ್ದನ್ನು ಬೇರೆ ಇಡಬೇಕು. ಕಾಲು ಗಂಟೆಯ ಕೆಲಸ. ಗಂಟೆ ಎರಡೂ ಮುಕ್ಕಾಲು. ನಾಲ್ಕರೊಳಗೆ ಮುಗಿಸಿ ಅಕ್ಕನ ಮುಂದೆ ಕೂರಬಹುದು ಎಂದು ಲೆಕ್ಕ ಹಾಕಿ ಹತ್ನಿಮಿಷ ಡಬ್ಬಿಯೊಳಗೆ ಹೋದ.

ಆ ಡಬ್ಬಿಗೆ ಎರಡು ಕಿತಾಪತಿಗಳಿದ್ದವು, ಎರಡೂ ಅವನಿಗೆ ಚೆನ್ನಾಗಿ ಗೊತ್ತು. ಇಂಟರ್‌ನೆಟ್ಟು ತರುವ ಹೊರಗಿನ ಲೈನು ಚುಚ್ಚುವ ನೀಲಿ ಪೋರ್ಟು ಹೋದ ವರ್ಷ ಸಿಡಿಲಿಗೆ ಸುಟ್ಟಿತ್ತು. ಹೊಸ ಡಬ್ಬಿ ಬರುವ ತನಕ ಎಂದು ಹಳದಿ ಪೋರ್ಟುಗಳಲ್ಲಿ ಮೊದಲನೆಯದನ್ನೇ ಹೊರಗಿನ ಲೈನಿಗೆ ಕೊಟ್ಟಿದ್ದ. ಹೊಸ ಡಬ್ಬಿ ಇವತ್ತಿಗೂ ಬಂದಿಲ್ಲ, ಅದು ಬಿಡಿ. ಇನ್ನೊಂದು, ಈ ಡಬ್ಬಿಯ ಮೈಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಅಚ್ಚಾಗಿದ್ದರೆ ಒಳಗಿನ ಲೆಕ್ಕದಲ್ಲಿ ಅದು ತಿರುಗುಮುರುಗು. ಹೊರಗಿನ ಒಂದು ಒಳಗೆ ನಾಲ್ಕು. ಮಾಡಿದವರಿಗೆ ಅದೇನು ಬುದ್ಧಿಯೋ. ಇದನ್ನು ಒಂದು ಚೀಟಿಯಲ್ಲಿ ಬರೆದು ಅವನು ಡಬ್ಬಿಯ ಅಡಿಗೆ ಅಂಟಿಸಿ ಬಂದಿದ್ದ. ಚೀಟಿ ಅಲ್ಲಿತ್ತು, ಅವನು ಇಲ್ಲಿದ್ದ.

ಹಳೆಯ ಸೆಟ್ಟಿಂಗಿನ ಪ್ರತಿ ತೆಗೆಯಬೇಕು ಅನ್ನುವಷ್ಟರಲ್ಲಿ ಫೋನು ಬಂತು. ಮ್ಯಾನೇಜರು. ಬಂದವರ ಮಕ್ಕಳು ಫೋನಿನಲ್ಲಿ ಆಟ ಆಡುತ್ತಾರೆ, ಔಷಧಿಯ ಕಂಪ್ಯೂಟರು ತೆವಳುತ್ತದೆ, ಮೊನ್ನೆ ಒಬ್ಬರು ಬಂದು ಸಿನಿಮಾ ನೋಡುತ್ತ ಕೂತಿದ್ದರು, ಹೀಗೆ ಮನುಷ್ಯನ ಬಾಯಿಗೆ ಬಿಡುವೇ ಇಲ್ಲ. ಹತ್ನಿಮಿಷ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಹೂಂ ಹೂಂ ಅನ್ನುತ್ತ, ಕೈ ಖಾಲಿ ಇದೆಯಲ್ಲ ಎಂದು ಹೊಸ ಬ್ರಿಡ್ಜಿನ ಸಾಲುಗಳನ್ನು ಬರೆದುಬಿಟ್ಟ. ಬರೆದ, ಅಷ್ಟೇ, ಇನ್ನೂ ಜಾರಿ ಮಾಡಿರಲಿಲ್ಲ. ಫೋನು ಇಟ್ಟಮೇಲೆ ಎಂದಿನ ಅಭ್ಯಾಸದಂತೆ ಪ್ರತಿ ತೆಗೆದ, ಹತ್ತು ನಿಮಿಷದ ಗಡಿಯಾರ ಇಟ್ಟ, ಜಾರಿ ಮಾಡು ಎಂದ. ಪರದೆಯ ಮೇಲೆ ಕರ್ಸರು ನಿಂತಿತು. ಅಕ್ಷರ ಒತ್ತಿದರೆ ಮೂಡಲಿಲ್ಲ.

ದಾರಿ ಕಡಿದಿತ್ತು. ಅವನಿಗೆ ಗಾಬರಿಯೇನೂ ಆಗಲಿಲ್ಲ. ಎಲ್ಲೋ ಎಡವಟ್ಟಾಗಿದೆ, ಹತ್ತು ನಿಮಿಷ ಕಾದರಾಯಿತು ಎಂದು ಎದ್ದು ಹೋಗಿ ನೀರು ಕುಡಿದು ಬಂದ. ಮೂರು ಗಂಟೆ ಎಂಟು ನಿಮಿಷಕ್ಕೆ ಡಬ್ಬಿ ಏಳಬೇಕಿತ್ತು. ಮೂರೂ ಹನ್ನೆರಡಾಯಿತು. ಮೂರೂ ಹದಿನೈದಾಯಿತು. ಕುರ್ಚಿ ಮುಂದಕ್ಕೆಳೆದುಕೊಂಡ. ಬರೆದದ್ದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಇನ್ನೂ ಹಾಗೇ ಇತ್ತು. ಮೇಲಿನಿಂದ ಒಂದೊಂದೇ ಸಾಲು ಓದಿಕೊಂಡು ಬಂದ. ಬಂದವರ ಕೋಣೆಯ ವೈರು ಇರುವುದು ಡಬ್ಬಿಯ ಮೈಮೇಲಿನ ನಾಲ್ಕರಲ್ಲಿ, ಅಂದರೆ ಒಳಗೆ ಒಂದು ಎಂದು ಬರೆಯಬೇಕು. ಇವನು ನಾಲ್ಕು ಎಂದೇ ಬರೆದಿದ್ದ. ಹೊರಗಿನ ಲೈನನ್ನೇ ಎಳೆದು ತಂದು ಹೊಸ ಬ್ರಿಡ್ಜಿಗೆ ಕಟ್ಟಿದ್ದ. ಬ್ರಿಡ್ಜಿನೊಳಗೆ ಸೇರಿದ ಪೋರ್ಟು ಹೊರಗಿನ ಲೈನಿಗೆ ಸಿಗುವುದಿಲ್ಲ. ಸರಿ, ತಪ್ಪು, ಯಾರಿಗಾದರೂ ಆಗುತ್ತದೆ. ಆದರೆ ಹಳೆಯ ಪ್ರತಿ ಏನಾಯಿತು? ಇನ್ನೆರಡು ಸಾಲು ಕೆಳಗೆ ಬಂದಾಗ ಅದೂ ಕಂಡಿತು. ಮೊದಲು ಬರೆದು, ಆಮೇಲೆ ಪ್ರತಿ ತೆಗೆದಿದ್ದ. ಪ್ರತಿಯಲ್ಲಿದ್ದದ್ದೂ ಅದೇ ತಪ್ಪು. ಡಬ್ಬಿ ಪಾಪ ಹೇಳಿದ ಮಾತು ಮೀರದೆ, ಸರಿಯಾಗಿ ಹತ್ತು ನಿಮಿಷಕ್ಕೆ ಎದ್ದು, ಆ ತಪ್ಪನ್ನೇ ಮತ್ತೆ ಹಾಕಿಕೊಂಡು ಕೂತಿತ್ತು.

ಅವನು ಹಣೆ ಹಣೆ ಚಚ್ಚಿಕೊಂಡ. ಇಪ್ಪತ್ತೆರಡು ವರ್ಷ ತಪ್ಪದ ಕ್ರಮ, ತಪ್ಪುವುದಕ್ಕೆ ಈ ದಿನವೇ ಆಗಬೇಕಿತ್ತೆ, ಈ ಡಬ್ಬಿಯೇ ಆಗಬೇಕಿತ್ತೆ.

ಮ್ಯಾನೇಜರಿಗೆ ಫೋನು ಮಾಡಿದ. ಆರೈಕೆ ಮನೆ ಇರುವುದು ತಗ್ಗಿನಲ್ಲಿ, ಅಲ್ಲಿ ಮೊಬೈಲಿಗೆ ಸಿಗ್ನಲ್ಲೇ ಇರದು, ಇದ್ದದ್ದು ಮೇಜಿನ ಮೇಲಿನ ಹಳೇ ಫೋನು. ಅದರಲ್ಲಿ ಅಕ್ಕನ ಹತ್ತಿರ ಬರೀ ಮಾತಾಡೋಣವೆಂದರೆ, ಮುಖವಿಲ್ಲದ ದನಿಗೆ ಅವಳು ಹೆದರುತ್ತಾಳೆ. ವೈರು ಬೇರೆ ಪೋರ್ಟಿಗೆ ಚುಚ್ಚಲೇ ಎಂದರು ಮ್ಯಾನೇಜರು. ಪ್ರಯೋಜನವಿಲ್ಲ. ಹಿಂದಿರುವ ಸಣ್ಣ ಗುಂಡಿ ಒತ್ತಿ ಹಿಡಿಯಲೇ ಎಂದರು. ದಯವಿಟ್ಟು ಬೇಡ ಎಂದ ಇವನು, ಹಾಗೆ ಮಾಡಿದರೆ ಡಬ್ಬಿ ಎಲ್ಲವನ್ನೂ ಮರೆತು, ಸುಟ್ಟ ನೀಲಿ ಪೋರ್ಟಿನಲ್ಲೇ ಲೈನು ಹುಡುಕುತ್ತ ಕೂರುತ್ತದೆ. ಬರಬೇಕು, ಬೇರೆ ದಾರಿಯಿಲ್ಲ. ಗಂಟೆ ಮೂರೂವರೆ. ಬಸ್ಸಿಗೆ ಎರಡು ಗಂಟೆ. ಲ್ಯಾಪ್‌ಟಾಪು, ಒಂದು ವೈರು ಚೀಲಕ್ಕೆ ತುರುಕಿಕೊಂಡು ಹೊರಟ. ಏನು ಸಾರ್, ಬಾಗಿಲಾ, ಎಂದು ಪಕ್ಕದ ಮೇಜಿನಿಂದ ಯಾರೋ ಕೇಳಿದರು. ಹೂಂ, ಬಾಗಿಲೇ ಎಂದು ಹೇಳಿ ಮೆಟ್ಟಿಲಿಳಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ನಾಲ್ಕು ಗಂಟೆಯಾಗುವುದನ್ನು ಅವನು ಕೈಗಡಿಯಾರದಲ್ಲಿ ನೋಡಿದ. ನಾಲ್ಕೂ ಐದಾಯಿತು, ನಾಲ್ಕೂ ಹತ್ತಾಯಿತು. ಯಾರೂ ಊಟ ಆಯ್ತಾ ಅನ್ನಲಿಲ್ಲ. ಜ್ವರದ ಆ ಎರಡು ದಿನ ಬಿಟ್ಟರೆ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಹೊತ್ತಿಗೆ ಅವನ ಕಿವಿಗೆ ಬಿಡುವು ಸಿಕ್ಕಿತ್ತು. ಮೈ ಹಗುರಾಯಿತು. ಹಗುರಾದದ್ದು ಗೊತ್ತಾಗಿ ಅವನಿಗೆ ಅಸಹ್ಯವಾಯಿತು, ಆದರೂ ಅದು ಹಗುರವೇ. ಒಂದು ವೇಳೆ ಅಕ್ಕ ಇವತ್ತೇ ಮರೆತುಬಿಟ್ಟರೆ, ಇನ್ನು ಯಾವಾಗಲೂ ನೆನಪಾಗದಿದ್ದರೆ, ನಾಳೆಯಿಂದ ನಾಲ್ಕು ಗಂಟೆ ಅವನದೇ. ಈ ಯೋಚನೆ ಬಂದಮೇಲೆ ಅದರ ಬೆನ್ನಿಗೇ ಇನ್ನೊಂದು ಬಂತು. ಇಪ್ಪತ್ತೆರಡು ವರ್ಷ ಹಿಂದುಮುಂದಾಗದ ಕೈ ಇವತ್ತು ಹಿಂದುಮುಂದಾದದ್ದು ಬರೀ ಫೋನಿನಿಂದಲೇ? ಮರೆತದ್ದು ಕೈಯೋ ಮನಸ್ಸೋ? ಅವನು ಎಷ್ಟು ಕೆದಕಿದರೂ ಅದಕ್ಕೆ ಉತ್ತರ ಸಿಗಲಿಲ್ಲ. ಶಾಲೆಯ ಗೇಟಿನಲ್ಲಿ ಒಂದು ದಿನವಾದರೂ ಅಕ್ಕ ತಡಮಾಡಿದ್ದಳೇ ಎಂದು ನೆನಪಿಸಿಕೊಳ್ಳಲು ನೋಡಿದ. ಅದಕ್ಕೆ ಮಾತ್ರ ಉತ್ತರವಿತ್ತು, ಇಲ್ಲ.

ಆರೈಕೆ ಮನೆಯ ಗೇಟು ತಲುಪಿದಾಗ ಐದೂವರೆ. ನರ್ಸಮ್ಮ ಬಾಗಿಲಲ್ಲೇ ಕಾದಿದ್ದರು. ವಯಸ್ಸಾದ, ದಪ್ಪ ಕನ್ನಡಕದ, ಹೆಚ್ಚು ಮಾತಿಲ್ಲದ ಹೆಂಗಸು. ಅಕ್ಕ ನಾಲ್ಕು ಗಂಟೆಯಿಂದ ಹಾಲಿನಲ್ಲಿ ಟ್ಯಾಬಿನ ಮುಂದೆ ಕೂತವರು ಎದ್ದಿಲ್ಲ, ಕಾಫಿ ಕುಡಿದಿಲ್ಲ, ನೆಟ್‌ವರ್ಕ್ ಹೋಗಿದೆ ಎಂದರೆ ಎಲ್ಲಿಗೆ ಹೋದ ಎಂದು ಕೇಳುತ್ತಾರೆ ಎಂದರು. ಡಬ್ಬಿ ಇದ್ದದ್ದೂ ಅದೇ ಹಾಲಿನ ಗೋಡೆಯ ಮೇಲೆ. ಅವನು ಅಕ್ಕನನ್ನು ಎದುರಿಗೆ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಟ್ಯಾಬಿನಲ್ಲಿ ಬರೀ ಮುಖ ಕಾಣುತ್ತಿತ್ತು. ಈಗ ನೋಡಿದರೆ ಭುಜ ಇಷ್ಟು ಸಣ್ಣದಾಗಿದೆ, ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿಲ್ಲ. ‘ಅಕ್ಕ’ ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು.

ಅಕ್ಕ ತಲೆಯಿಂದ ಕಾಲಿನ ತನಕ ಅವನನ್ನು ನೋಡಿದಳು. ಬೆವರಿದ ಮುಖ, ಹೆಗಲಿನ ಚೀಲ, ಕೈಯಲ್ಲಿ ಸುತ್ತಿದ ವೈರು.

“ನೆಟ್‌ವರ್ಕು ಅನ್ನೋರು ನೀವೇನಾ?” ಎಂದಳು.

ಹುಟ್ಟಿದಾರಭ್ಯ ಅಕ್ಕ ಅವನಿಗೆ ನೀವು ಎಂದಿರಲಿಲ್ಲ. ನಾನು ಕಣಕ್ಕ ಎಂದು ಹೇಳಿದರೆ ಮತ್ತೆ ಆ ಚೀಲ, ಆ ಎರಡು ದಿನದ ಅಳು ಎಂದು ಅವನಿಗೂ ಗೊತ್ತಿತ್ತು, ಹಿಂದೆ ನಿಂತಿದ್ದ ನರ್ಸಮ್ಮನಿಗೂ ಗೊತ್ತಿತ್ತು. ಹೌದಮ್ಮ ಎಂದ.

“ನನ್ನ ತಮ್ಮ ನಾಲ್ಕು ಗಂಟೆಗೆ ಮಾತಾಡ್ತಾನೆ. ನಿನ್ನೆ ನೀವು ಮಧ್ಯದಲ್ಲೇ ಕಟ್ ಮಾಡಿದ್ರಿ. ಹಾಗೆಲ್ಲ ಮಾಡಬೇಡಿ, ಅವನಿಗೆ ಬೇಜಾರಾಗುತ್ತೆ.”

ಇನ್ನು ಮಾಡಲ್ಲಮ್ಮ ಎಂದು ಹೇಳಿ ಅವನು ಗೋಡೆಯ ಕಡೆ ತಿರುಗಿಕೊಂಡ.

ಡಬ್ಬಿಯನ್ನು ಇಳಿಸಿ ಅಡಿಮೇಲು ಮಾಡಿದರೆ ಚೀಟಿ ಅಲ್ಲೇ ಇತ್ತು, ಅವನದೇ ಅಕ್ಷರ, ಹೊರಗೆ ಒಂದು, ಒಳಗೆ ನಾಲ್ಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವೈರು ಚುಚ್ಚಿದ. ಈ ಸಲ ಮಾತ್ರ ಕ್ರಮ ತಪ್ಪಲಿಲ್ಲ. ಇದ್ದದ್ದು ತಪ್ಪೇ ಇರಲಿ, ಮೊದಲು ಅದರ ಪ್ರತಿ, ಆಮೇಲೆ ಹತ್ತು ನಿಮಿಷದ ಗಡಿಯಾರ, ಆಮೇಲೆ ತಿದ್ದುವುದು. ಎದುರಿಗೇ ಕೂತಿದ್ದರೂ ಅಭ್ಯಾಸ ಬಿಡದು. ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತಳು. ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ಅವನ ಅಂಗಿಯ ಮೇಲಿತ್ತು. ಎದೆಯ ಹತ್ತಿರದ ಗುಂಡಿಯೊಂದು ದಾರದ ಕೊನೆಯಲ್ಲಿ ಜೋತಾಡುತ್ತಿತ್ತು, ಅವನೇ ನೋಡಿರಲಿಲ್ಲ. ಅಕ್ಕ ಬಗ್ಗಿ ಎರಡು ಬೆರಳಿನಲ್ಲಿ ಅದನ್ನು ಹಿಡಿದು, ದಾರವನ್ನು ಒಮ್ಮೆ ಮೆಲ್ಲಗೆ ಜಗ್ಗಿ ನೋಡಿದಳು. ಎಲ್ಲ ಮರೆತ ಆ ತಲೆಯಲ್ಲಿ ಬೆರಳಿನ ಲೆಕ್ಕ ಇನ್ನೂ ಹಾಗೇ ಇತ್ತು. ಇದು ಬೀಳುತ್ತೆ, ಬಿಚ್ಚಿ ಕೊಡಿ ಹಾಕಿಕೊಡ್ತೀನಿ ಎಂದಳು. ಆಮೇಲಮ್ಮ ಎಂದ ಅವನು. ಊಟ ಆಯ್ತಾ ಎಂದು ಕೇಳಿದಳು. ಅದಕ್ಕೆ ಅವನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಏನು ಹೊರಗೆ ಬರುತ್ತಿತ್ತೋ ಯಾರು ಬಲ್ಲರು. ನಾಲ್ಕನ್ನು ಅಳಿಸಿ ಒಂದು ಎಂದು ಬರೆದು ಜಾರಿ ಮಾಡಿದ. ಡಬ್ಬಿಯ ದೀಪಗಳು ಒಂದೊಂದಾಗಿ ಹತ್ತಿಕೊಂಡವು.

ಅಕ್ಕ ಕೂಡಲೇ ಕುರ್ಚಿ ಎಳೆದುಕೊಂಡು ಟ್ಯಾಬಿನ ಮುಂದೆ ಹೋದಳು. ಈಗ ಬರ್ತಾನೆ ಎಂದು ಸೆರಗು ಸರಿಮಾಡಿಕೊಂಡಳು.

ಹತ್ನಿಮಿಷ ಲ್ಯಾಪ್‌ಟಾಪು ಬಾಚಿಕೊಂಡು ಹೊರಗೆ ಓಡಿದ. ಹಾಲಿನಿಂದ ಹೊರಗಿನ ಮೆಟ್ಟಿಲಿಗೆ ಇಪ್ಪತ್ತು ಹೆಜ್ಜೆ. ವೈರು ಕಿತ್ತ ಲ್ಯಾಪ್‌ಟಾಪನ್ನು ಒಳಗಿನವರ ವೈಫೈಗೆ ಸೇರಿಸಿ ತೊಡೆಯ ಮೇಲಿಟ್ಟುಕೊಂಡು, ಫೋನನ್ನು ಹೊಸ ಬ್ರಿಡ್ಜಿನ ವೈಫೈಗೆ ಸೇರಿಸಿದ. ಸೇರಿತು. ಕರೆ ಒತ್ತಬೇಕು, ಅಷ್ಟರಲ್ಲಿ ನರ್ಸಮ್ಮ ಬಂದು, ತಡೀರಿ ಸಾರ್, ಹಸಿರು ಇಲ್ಲದಿದ್ದರೆ ಅವರು ಒಪ್ಪಲ್ಲ ಎಂದರು. ಕೈಯಲ್ಲಿ ಹಾಸಿಗೆಗಳ ನಡುವೆ ಮರೆಗೆ ಕಟ್ಟುವ ಹಸಿರು ಬಟ್ಟೆ. ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅವನ ಬೆನ್ನ ಹಿಂದೆ ನಿಂತರು. ಅವನು ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಫೋನನ್ನು ಗಿಡದ ಕುಂಡಕ್ಕೆ ಒರಗಿಸಿ, ಕರೆ ಒತ್ತಿದ.

ಅಕ್ಕನ ಮುಖ ಬಂತು. ನೋಡಿದಳು. ಹುಬ್ಬು ಗಂಟಿಕ್ಕಿ ನೋಡಿದಳು. ನಾಲ್ಕು ಗಂಟೆಯಲ್ಲ, ಆರು ಗಂಟೆ, ಬೆಳಕು ಬೇರೆ. ಬಸ್ಸಿನಲ್ಲಿ ಹಗುರಾಗಿದ್ದ ಮೈ ಈಗ ಕಲ್ಲಾಗಿತ್ತು. ಮರೆಯಬೇಡಕ್ಕ, ಮರೆಯಬೇಡ ಕಣಕ್ಕ, ಹದಿನೇಳು ಸಲವಲ್ಲ, ನೂರು ಸಲ ಕೇಳು, ಎಂದು ಅವನು ಬಾಯೊಳಗೇ ಅಂದುಕೊಳ್ಳುತ್ತಿದ್ದ. ಅದು ಸುಳ್ಳಲ್ಲ, ಬಸ್ಸಿನಲ್ಲಿ ಅನಿಸಿದ್ದೂ ಸುಳ್ಳಲ್ಲ.

“ಇಷ್ಟು ಹೊತ್ತು ಎಲ್ಲಿ ಹೋಗಿದ್ಯೋ ಪುಟ್ಟ?” ಎಂದಳು ಅಕ್ಕ. “ಊಟ ಆಯ್ತಾ?”

ಕೆಲಸವಿತ್ತು ಕಣಕ್ಕ ಎಂದ. ಸ್ವೆಟರಿನ ಪ್ರಶ್ನೆ ಬಂತು, ಯಾವಾಗ ಬರ್ತೀಯ ಬಂತು, ಮತ್ತೆ ಊಟ, ಮತ್ತೆ ಸ್ವೆಟರು. ಅವನು ಒಂದೊಂದಕ್ಕೂ ಹೊಸದಾಗಿ ಕೇಳಿದ ಹಾಗೆ ಉತ್ತರ ಹೇಳುತ್ತಿದ್ದ. ಹಿಂದೆ ನರ್ಸಮ್ಮನ ಕೈ ಸೋತು ಹಸಿರು ಬಟ್ಟೆ ಒಂದು ಕಡೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನಡುವೆ ಅಕ್ಕನಿಗೆ ಏನೋ ನೆನಪಾಯಿತು. ಟ್ಯಾಬಿನ ಹತ್ತಿರಕ್ಕೆ ಬಗ್ಗಿ, ಗುಟ್ಟು ಹೇಳುವಂತೆ ದನಿ ತಗ್ಗಿಸಿದಳು.

“ಇವತ್ತು ನೆಟ್‌ವರ್ಕಿನವರು ಬಂದಿದ್ರು ಕಣೋ. ನಾನು ಬಯ್ಯೋಣ ಅಂತಿದ್ದೆ. ಪಾಪ, ತುಂಬ ದಣಿದಿದ್ರು. ಅಂಗಿ ಗುಂಡಿ ಜೋತಾಡ್ತಿತ್ತು. ಊಟ ಆಯ್ತಾ ಅಂದ್ರೆ ಉತ್ತರಾನೇ ಇಲ್ಲ. ಅವರಿಗೆ ಕೇಳೋರು ಯಾರೂ ಇಲ್ಲ ಅನ್ಸುತ್ತೆ.” ಆಮೇಲೆ ಹೇಳಿದಳು, “ನಿನಗಾದ್ರೆ ನಾನಿದೀನಿ.”

ಅವನು ಬೇಗ ಬೇಗ ಕೈಯೆತ್ತಿ ಎದೆಯ ಮೇಲಿನ ಗುಂಡಿಯನ್ನು ಮುಚ್ಚಿಕೊಂಡ. ಹೌದಕ್ಕ ಎಂದ. ಕಣ್ಣು ಕೆಳಗಿಳಿಸಿದರೆ ತೊಡೆಯ ಮೇಲಿನ ಲ್ಯಾಪ್‌ಟಾಪಿನ ಮೂಲೆಯಲ್ಲಿ ಗಡಿಯಾರ ಒಂಬತ್ತನೆಯ ನಿಮಿಷ ದಾಟಿತ್ತು. ಬೇಡ ಎಂದು ಹೇಳುವುದನ್ನು ಮರೆತೇಬಿಟ್ಟಿದ್ದ. ಇನ್ನು ಮುಕ್ಕಾಲು ನಿಮಿಷದಲ್ಲಿ ಡಬ್ಬಿ ಎದ್ದು ಹಳೆಯ ಪ್ರತಿಯನ್ನು ಹಾಕಿಕೊಳ್ಳುತ್ತದೆ, ಅಕ್ಕನ ಮುಖ ಕಪ್ಪಾಗುತ್ತದೆ. ನಿನ್ನೆಯೂ ಒಂಬತ್ತು ನಿಮಿಷಕ್ಕೇ ಅವನು ಸೋತದ್ದು. ಇವತ್ತು ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ, ಸುಮ್ಮನೆ ಕೂತಿದ್ದರೆ ಸಾಕಿತ್ತು. ಒಂದು ಕೈಯಲ್ಲಿ ಗುಂಡಿ ಮುಚ್ಚಿಕೊಂಡೇ, ಇನ್ನೊಂದು ಕೈಯಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬೇಡ ಎಂದು ಡಬ್ಬಿಗೆ ಹೇಳಿದ. ಗಡಿಯಾರ ನಿಂತಿತು.

“ಊಟ ಆಯ್ತಾ ಪುಟ್ಟ?” ಎಂದಳು ಅಕ್ಕ.

ದಿನಾ ಆಯ್ತಕ್ಕ ಅನ್ನುವುದೇ ಅವನ ವಾಡಿಕೆ, ಆಗಿರಲಿ ಬಿಡಲಿ.

“ಇಲ್ಲಕ್ಕ,” ಎಂದ. “ಇನ್ನೂ ಆಗಿಲ್ಲ.”